ನಾಲಿಗೆಯಡಿಯ ಮಾತ್ರೆ

ತುಯಿಲೊಮಾ,

ನಿನ್ನೆ ರಾಜಧಾನಿ ಅಪಿಯಾದಿಂದ ಆನೆಕಾಲು ರೋಗದ ಮಾತ್ರೆಯವರು ಮತ್ತೆ ಬಂದಿದ್ದರು. ನೀನು ಸತ್ತ ಮೇಲೆ ನಿನ್ನ ಮುಖಂಡನ ಪಟ್ಟಕ್ಕೆ ಬಂದ ಮಗ ಎತಿ, ಥೇಟ್ ನಿನ್ನ ಹಾಗೆಯೇ ಮಾತ್ರೆಯನ್ನು ನಾಲಿಗೆಯಡಿ ಅಡಗಿಸಿಕೊಂಡ. ನಾನು ಬಿಡುತ್ತೇನೆಯೇ? ಸಭೆಯಲ್ಲಿ ಎದ್ದು ನಿಂತು ಅವನ ಪಟ್ಟದ ಹೆಸರು ಹಿಡಿದು ಹೊಗಳಿದೆ. ಹಿರಿಯರು ಹಾಗೆ ಹೊಗಳಿದರೆ ಮುಖಂಡ ಅಲ್ಲೇ ಉತ್ತರ ಭಾಷಣ ಮಾಡಲೇಬೇಕಲ್ಲ.

ಅವನು ತುಟಿ ಬಿಗಿದು ಕೂತ.

“ಯಾಕಪ್ಪಾ ಮುಖಂಡ, ಮಾತಿಗೆ ಮಾತ್ರೆ ಅಡ್ಡ ಬಂತಾ?” ಅಂದೆ.

ಊರೆಲ್ಲ ನಕ್ಕಿತು. ಎತಿ ನೀರಿಲ್ಲದೆ ಮಾತ್ರೆ ನುಂಗಿದ.

“ಮಾತ್ರೆಗಿಂತ ನೀವೇ ಕಹಿ, ದೊಡ್ಡಪ್ಪ,” ಅಂದ.

ನಿನ್ನ ಮೇಲಿನ ಸೇಡು ನಿನ್ನ ಮಗನ ಗಂಟಲಲ್ಲಿ ಇಳಿಯಿತು. ನಿನ್ನ ಮೈಯೊಳಗೆ ಆ ರೋಗದ ಹುಳುಗಳು ಹಾಯಾಗಿ ಸಂಸಾರ ಮಾಡಿದವು. ನಿನಗೊಂದು ನೋವಿಲ್ಲ, ಬಾವಿಲ್ಲ. ಸೊಳ್ಳೆಗಳು ನಿನ್ನ ರಕ್ತದಿಂದ ಅವುಗಳ ಮರಿಗಳನ್ನು ಹೊತ್ತು ತಂದದ್ದು ಪಕ್ಕದ ಮನೆಗೆ, ನನ್ನ ಲಾಗಿಯ ಮೈಗೆ. ಊದಿದ ಕಾಲನ್ನು ಎಳೆದುಕೊಂಡೇ ನನ್ನ ಹೆಂಡತಿ ಬದುಕು ಮುಗಿಸಿದಳು. ಯಾರಿಂದ ಬಂತು ಎಂದು ಅವಳು ಕೇಳಿದಾಗಲೆಲ್ಲ ನಿನ್ನ ಹೆಸರು ಹೇಳಿದೆ.

ಮಾತ್ರೆಯವರು ಮೊದಲು ಬಂದ ದಿನ ಚರ್ಚಿನ ಹಿಂದೆ ನಗುತ್ತ ಮಾತ್ರೆ ಉಗುಳಿದ್ದು ನಾವಿಬ್ಬರೂ ಎಂದು ಮಾತ್ರ ಹೇಳಲಿಲ್ಲ.