ಆ ಕಂಬಳಿ ತೆಗೆದುಬಿಡಿ

ರೀ,

ಮೊದಲ ಪಾಳಿ, ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ. ಹತ್ತು ಗಂಟೆಗೆ ಪುಟ್ಟಿಯ ಆನ್‌ಲೈನ್ ಪಿ.ಟಿ. ಕ್ಲಾಸು. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಡಿ. ಮುಖವೊಂದೇ ಅಲ್ಲ, ಅವಳ ಕೈ, ಚೆಂಡು, ನೆಲ ಎಲ್ಲ ಮೇಡಂಗೆ ಕಾಣಬೇಕು. ವೀಲ್‌ಚೇರಿನ ಎರಡೂ ಬ್ರೇಕು ಹಾಕಿ. ಸೊಂಟದ ಬೆಲ್ಟು ಮರೆಯಬೇಡಿ.

ಮೊದಲು ನೆಲದ ಮೇಲಿನ ಆ ಕಂಬಳಿ ತೆಗೆದುಬಿಡಿ. ಕೆಳಗಿನ ಮನೆಯ ಟೈಲರ್ ಬಂದು "ಏನ್ರೀ ಅದು, ತಲೆ ಮೇಲೆ ದಡದಡ ಅಂತ?" ಅಂದಿದ್ದೇ ತಡ, ನೀವು ಕೈಮುಗಿದು ಕಂಬಳಿ ಹಾಸಿಬಿಟ್ಟಿರಿ. ಅದರ ಮೇಲೆ ಚೆಂಡು ಪುಟಿಯುತ್ತದೆಯೇ? ನಿನ್ನೆ ನಾನೇ ಕೂತು ನೋಡಿದೆ. ಮಿಕ್ಕ ಮಕ್ಕಳೆಲ್ಲ ತಮ್ಮ ತಮ್ಮ ವೀಲ್‌ಚೇರಿನಿಂದಲೇ ಇಪ್ಪತ್ತು ಸಲ ಪುಟಿಸಿದರು. ಇವಳ ಚೆಂಡು ಬಿದ್ದಲ್ಲೇ ಕೂತಿತು. ಮೇಡಂ ಕರೆದರೂ ಇವಳು ತಲೆ ಎತ್ತಲಿಲ್ಲ.

ಟೈಲರ್ ಮತ್ತೆ ಬಂದರೆ, ಅರ್ಧ ಗಂಟೆ ಅಷ್ಟೇ ಅನ್ನಿ. ಕ್ಷಮಿಸಿ ಅನ್ನಬೇಡಿ. ಅವರ ಮಕ್ಕಳು ಮೆಟ್ಟಿಲ ಮೇಲೆ ಧಡಧಡ ಓಡುವಾಗ ನಾವು ಒಂದು ದಿನವಾದರೂ ತುಟಿ ಬಿಚ್ಚಿದ್ದೇವೆಯೇ? ಈ ಹತ್ತು ವರ್ಷ ನಮ್ಮ ಮನೆಯಿಂದ ಮಗು ಓಡಾಡಿದ ಒಂದು ಸದ್ದೂ ಅವರಿಗೆ ಕೇಳಿಸಿಲ್ಲ.

ನಿನ್ನೆ ತಲೆ ಬಾಚುವಾಗ ಮೆಲ್ಲಗೆ ಕೇಳಿದಳು: "ಅಮ್ಮಾ, ನಾನು ಚೆಂಡು ಆಡಿದ್ದು ಕೆಳಗಿನವರಿಗೆ ನಿಜವಾಗ್ಲೂ ಕೇಳಿಸ್ತಾ?"

ಹೆದರಿದ್ದಾಳೆ ಅಂದುಕೊಂಡೆ. ಮುಖ ತಿರುಗಿಸಿ ನೋಡಿದರೆ, ನಗುತ್ತಿದ್ದಳು.

ಕಂಬಳಿ ಮಡಿಸಿ ಅಟ್ಟಕ್ಕೆ ಹಾಕಿ.