ಬಸ್ಸಿನ ಹಿಂಬದಿಯಲ್ಲಿರುವ ಆ ಎದೆ ನನ್ನದು

ಖಾಸಗಿ ಚಿಕಿತ್ಸಾಲಯಗಳಿಗೆ ಪರವಾನಗಿ ಕೊಡುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮ ಸಿಟಿ ಬಸ್ಸುಗಳ ಹಿಂಬದಿಯಲ್ಲಿ ಅಂಗಿಯಿಲ್ಲದ ಇಬ್ಬರು ಗಂಡಸರ ಜಾಹೀರಾತು ಇದೆ. ತಾವು ಗಮನಿಸಿರದಿದ್ದರೆ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಒಮ್ಮೆ ಫೋನಿನಿಂದ ತಲೆಯೆತ್ತಿ. ಎಡಗಡೆಯವನ ಎದೆ ಒಂದು ಪಕ್ಕ ಜೋತುಬಿದ್ದಿದೆ, ಇನ್ನೊಂದು ಪಕ್ಕ ಒಳಕ್ಕೆ ಕುಸಿದಿದೆ. ಹೊಟ್ಟೆ ಅಲ್ಲಲ್ಲಿ ಗುಳಿ ಬಿದ್ದು ಅಲ್ಲಲ್ಲಿ ಉಬ್ಬಿದೆ. ಅವನ ಮುಖ ಕತ್ತರಿಸಿ, ಕತ್ತಿನ ಮೇಲೆ ‘ಮೊದಲು’ ಎಂದು ಬರೆದಿದ್ದಾರೆ. ಬಲಗಡೆಯವನು ಕಲ್ಲಿನಲ್ಲಿ ಕೆತ್ತಿದ ಹಾಗಿದ್ದಾನೆ. ಅವನ ಮೇಲೆ ‘ನಂತರ’ ಎಂದಿದೆ. ಎಡಗಡೆಯವನು ನಾನು. ಬಲಗಡೆಯವನು ಯಾರೋ ನನಗೆ ಗೊತ್ತಿಲ್ಲ, ಅವನ ಹೊಕ್ಕುಳೂ ನನ್ನದಲ್ಲ. ನನ್ನ ದೂರು ಇಷ್ಟೇ: ನನ್ನ ಆ ಚಿತ್ರ ತೆಗೆದದ್ದು ಶಸ್ತ್ರಚಿಕಿತ್ಸೆಗೆ ಮೊದಲಲ್ಲ, ಶಸ್ತ್ರಚಿಕಿತ್ಸೆ ಮುಗಿದು ಐದು ತಿಂಗಳಾದ ಮೇಲೆ.

ನಾನು ಬಸ್ ಚಾಲಕ. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು ನನ್ನ ಎದೆ ನೋಡಿ, “ನೀನು ಹುಡುಗೀರ ಸಾಲಲ್ಲಿ ನಿಂತ್ಕೊಳಪ್ಪ” ಎಂದು ಎಲ್ಲರನ್ನೂ ನಗಿಸಿದ ದಿನದಿಂದ ನಾನು ಯಾರೆದುರೂ ಅಂಗಿ ಬಿಚ್ಚಿದವನಲ್ಲ. ಬೇಸಿಗೆಯಲ್ಲಿ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಉಳಿದವರೆಲ್ಲ ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದರೆ, ನಾನು ಕತ್ತಿನ ಗುಂಡಿಯನ್ನೂ ಸಡಿಲಿಸದೆ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಿದ್ದೆ. ಮನೆಯಲ್ಲೂ ಅಷ್ಟೇ, ಸ್ನಾನಕ್ಕೆ ಹೋಗುವಾಗಲೇ ಒಗೆದ ಅಂಗಿ ಹೆಗಲ ಮೇಲೆ. “ನಿಮ್ಮನ್ನ ಕಟ್ಕೊಂಡಿರೋಳು ನಾನು, ನನಗಿಲ್ಲದ ನಾಚಿಕೆ ನಿಮಗ್ಯಾಕ್ರೀ?” ಎಂದು ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ. ನಾಚಿಕೆ ಎನ್ನುವುದು ಕೇಳಿದ ಕೂಡಲೇ ಉತ್ತರ ಕೊಡುವಂಥದ್ದಲ್ಲ, ಮಾನ್ಯರೇ. ಆದ್ದರಿಂದಲೇ ತಾವು ಪರವಾನಗಿ ಕೊಟ್ಟಿರುವ ಆ ಚಿಕಿತ್ಸಾಲಯದ ಬಾಗಿಲು ತಟ್ಟಿದೆ. ಗೋಡೆಯ ಮೇಲೆ ತಮ್ಮ ಸಹಿಯಿರುವ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿದ್ದರು. ಅದನ್ನು ನೋಡಿಯೇ ಧೈರ್ಯ ಮಾಡಿದೆ.

ಡಾಕ್ಟರು ನನ್ನ ಮೈಮೇಲೆ ಪೆನ್ನಿನಲ್ಲಿ ಗೆರೆ ಎಳೆಯುತ್ತ, “ಸಣ್ಣ ತೂತು, ಒಳಗಡೆ ನಳಿಕೆ, ಕೊಬ್ಬು ಹೀರಿ ತೆಗೀತೀವಿ. ಬೆಳಿಗ್ಗೆ ಬನ್ನಿ, ಸಂಜೆ ನಡ್ಕೊಂಡು ಮನೆಗೆ ಹೋಗಿ” ಎಂದರು. ನಡೆದುಕೊಂಡೇ ಹೋದೆ, ಸುಳ್ಳು ಹೇಳಬಾರದು. ವಾರ ಕಳೆಯುವುದರೊಳಗೆ ಆಟೋದಲ್ಲಿ ಮಲಗಿಸಿಕೊಂಡು ವಾಪಸು ತಂದರು. ಚರ್ಮದಡಿ ನೀರು ತುಂಬಿತ್ತು, ಕೀವಾಗಿತ್ತು, ಜ್ವರದಲ್ಲಿ ನಾನು ನಿಲ್ದಾಣಗಳ ಹೆಸರು ಕೂಗುತ್ತಿದ್ದೆನಂತೆ. ಎರಡು ಸಲ ಕೊಯ್ದು ತೆಗೆದರು. ಗಾಯ ಮಾಯುವ ಹೊತ್ತಿಗೆ ನನ್ನ ಎದೆ ಈಗ ಊರೆಲ್ಲ ನೋಡುತ್ತಿರುವ ಆಕಾರಕ್ಕೆ ಬಂದಿತ್ತು. ಕೇಳಿದರೆ, “ಸೆಟ್ ಆಗುತ್ತೆ, ಟೈಮ್ ಕೊಡಿ” ಎಂದರು. ಸೆಟ್ ಆಗೋಕೆ ಇದೇನು ಕಾಂಕ್ರೀಟಾ ಡಾಕ್ಟ್ರೇ ಎಂದೆ. ನಕ್ಕರು. ಆಮೇಲೆ ನರ್ಸಮ್ಮ ಬಂದು, “ರೆಕಾರ್ಡಿಗೆ ಒಂದು ಫೋಟೊ ಸಾರ್, ಅಂಗಿ ತೆಗೀರಿ” ಎಂದಳು. ತೆಗೆದೆ. ದಾಖಲೆಗೆ ಎಂದರೆ ಬೀರುವಿನೊಳಗೆ ಎಂದುಕೊಂಡಿದ್ದೆ, ಬಸ್ಸಿನ ಮೇಲೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಮುಂಜಾನೆ ಗಾಡಿ ತೆಗೆಯುವ ಮೊದಲು ಸುತ್ತ ಒಂದು ಸಲ ನಡೆದು ಟೈರು, ಲೈಟು ನೋಡುವುದು ನಮ್ಮ ಪದ್ಧತಿ. ಅಂದು ಹಿಂಬದಿಗೆ ಬಂದವನು ಅಲ್ಲೇ ನಿಂತುಬಿಟ್ಟೆ. ಎಡ ಎದೆಯ ಕೆಳಗಿನ ಮಚ್ಚೆ, ಹೊಕ್ಕುಳ ಪಕ್ಕದ ಹೊಲಿಗೆಯ ಗುರುತು, ಪ್ರತಿಯೊಂದೂ ನನ್ನದೇ. ಬೇರೆ ಗಾಡಿ ಕೊಡಿ ಎಂದು ಯಾವ ಕಾರಣ ಹೇಳಿ ಕೇಳಲಿ? ಅದೇ ಬಸ್ಸು ಓಡಿಸಿದೆ. ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಮಾನವನ್ನು ನಾನೇ ಊರೆಲ್ಲ ಮೆರವಣಿಗೆ ಮಾಡಿದೆ, ಅದೂ ಒಂದು ನಿಲ್ದಾಣವನ್ನೂ ಬಿಡದೆ ನಿಲ್ಲಿಸಿ.

ತಮಗೆ ದೂರು ಕೊಟ್ಟೆ. ತಮ್ಮ ಉತ್ತರವನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ: ‘ಚಿತ್ರದಲ್ಲಿ ಮುಖವಿಲ್ಲದ ಕಾರಣ ದೂರುದಾರರ ಗುರುತು ಸಾಬೀತಾಗುವುದಿಲ್ಲ. ಮೇಲಾಗಿ, ಅಂದಕ್ಕಾಗಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದವರು ರೋಗಿ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ.’ ಭೇಷ್. ನನ್ನ ಮುಖ ಕತ್ತರಿಸಿದವರು ಅವರು, ಮುಖವಿಲ್ಲವೆಂದು ತಪ್ಪು ನನ್ನ ಮೇಲೆ. ನಾನು ರೋಗಿಯಲ್ಲವಾದರೆ ಕೀವು ತೆಗೆದದ್ದು ಯಾರ ಮೈಯಿಂದ? ಇನ್ನೊಂದು ಸಣ್ಣ ಪ್ರಶ್ನೆ. ಚಾಕು ಮುಟ್ಟುವ ‘ಮೊದಲು’ ತೆಗೆದ ಚಿತ್ರದಲ್ಲಿ ಹೊಲಿಗೆಯ ಗುರುತು ಹೇಗೆ ಬಂತು? ನಮ್ಮ ಡಿಪೋದ ಗೇಟಿನಲ್ಲಿ ಕಾಫಿ ಮಾರುವ ಅಜ್ಜಿಯ ಕಣ್ಣಿಗೂ ಇದು ಬೀಳುತ್ತದೆ. ತಮ್ಮ ತಜ್ಞರ ಸಮಿತಿಯ ಕಣ್ಣಿಗೆ ಮಾತ್ರ ಏನು ಬಡಿದಿದೆಯೋ.

ಇಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಕಳೆದ ವಾರ ನನ್ನ ಬಸ್ಸಿನ ಕಂಡಕ್ಟರ್, ನಲವತ್ತರ ಹತ್ತಿರ ಬಂದು ಈಗಷ್ಟೇ ಮದುವೆ ಗೊತ್ತಾಗಿರುವ ಮನುಷ್ಯ, ಊಟದ ಡಬ್ಬಿ ಬಿಚ್ಚುತ್ತ ಹೇಳಿದ: “ಅಣ್ಣಾ, ನಾನೂ ಡೇಟ್ ತಗೊಂಡೆ. ನಮ್ ಗಾಡಿ ಹಿಂದೆ ಇದಾನಲ್ಲ, ಆ ದರಿದ್ರದವನು, ಅವನನ್ನೇ ಆ ಲೆವೆಲ್ಲಿಗೆ ತಂದಿದಾರೆ ಅಂದ್ರೆ ನನ್ನನ್ನ ತರಲ್ವಾ?” ಡಬ್ಬಿ ಮುಚ್ಚಿ ಅವನನ್ನು ಬಸ್ಸಿನ ಹಿಂಬದಿಗೆ ಕರೆದುಕೊಂಡು ಹೋದೆ. ಆ ಚಿತ್ರದ ಪಕ್ಕದಲ್ಲಿ ನಿಂತು ಒಂದೊಂದೇ ಗುಂಡಿ ಬಿಚ್ಚಿದೆ. ಅವನು ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ. “ಗುಂಡಿ ಹಾಕ್ಕೊ ಅಣ್ಣಾ” ಎಂದ. ಸಂಜೆಯೊಳಗೆ ಫೋನ್ ಮಾಡಿ ತಾರೀಖು ಬಿಟ್ಟುಕೊಟ್ಟ.

ಒಬ್ಬ ಉಳಿದ. ಉಳಿದವರೆದುರು ನಾನು ಎಷ್ಟು ಸಲ ಗುಂಡಿ ಬಿಚ್ಚಲಿ? ಈ ನಡುವೆ ಸುದ್ದಿ ಹೇಗೋ ಹೋಗಿ ಡಾಕ್ಟರೇ ಫೋನ್ ಮಾಡಿದರು. “ಏನೋ ಮಿಸ್ಟೇಕ್ ಆಗಿದೆ, ಆ ಜಾಹೀರಾತು ತೆಗೆಸಿಬಿಡ್ತೀವಿ. ನಿಮ್ಮ ಮರ್ಯಾದೆ ಪ್ರಶ್ನೆನೂ ಅಲ್ವಾ, ದೊಡ್ಡದು ಮಾಡ್ಬೇಡಿ” ಎಂದರು. ನನ್ನ ಮರ್ಯಾದೆಯ ಚಿಂತೆ ಅವರಿಗೆ ಈಗ ಬಂತು. ನನ್ನ ನಾಚಿಕೆಯನ್ನು ನಂಬಿಯೇ ಅವರು ಅಂಗಡಿ ನಡೆಸುತ್ತಿದ್ದಾರೆ, ಮಾನ್ಯರೇ. ಅಂಗಿ ಬಿಚ್ಚಲು ಹೆದರುವ ಗಂಡಸು ನ್ಯಾಯ ಕೇಳಲು ಅಂಗಿ ಬಿಚ್ಚುತ್ತಾನೆಯೇ ಎಂಬುದು ಅವರ ಲೆಕ್ಕಾಚಾರ. ನನಗೆ ಪರಿಹಾರ ಬೇಡ, ಕ್ಷಮಾಪಣೆಯೂ ಬೇಡ. ಬಿಡಿಸಿ ಹೇಳುತ್ತೇನೆ, ನನಗೆ ಬೇಕಾಗಿರುವುದು ಸೇಡು.

ಆದ್ದರಿಂದ ಜಾಹೀರಾತನ್ನು ತೆಗೆಸುವ ಆದೇಶವನ್ನು ದಯವಿಟ್ಟು ಕೊಡಬೇಡಿ. ಅದೇ ಅಳತೆಯಲ್ಲಿ, ಅದೇ ಬಸ್ಸುಗಳ ಮೇಲೆ, ಆ ಚಿಕಿತ್ಸಾಲಯದ ಹೆಸರಿನ ಒಂದಕ್ಷರವೂ ಅಳಿಯದಂತೆ ಅದು ಇರಲಿ. ಬಲಗಡೆಯವನನ್ನು ಅವನ ಪಾಡಿಗೆ ಮನೆಗೆ ಕಳಿಸಿ. ನನ್ನ ತಲೆಯ ಮೇಲಿನ ‘ಮೊದಲು’ ಅಳಿಸಿ, ‘ನಂತರ’ ಎಂದು ಬರೆಸಿ. ತಲೆ ಎಲ್ಲಿದೆ ಎನ್ನುತ್ತೀರಾ? ಸಮವಸ್ತ್ರದಲ್ಲಿ ತೆಗೆಸಿದ ಫೋಟೊ ಲಗತ್ತಿಸಿದ್ದೇನೆ. ಕತ್ತಿನವರೆಗೆ ಕತ್ತರಿಸಿ ಅಂಟಿಸಿಕೊಳ್ಳಲಿ, ಕತ್ತರಿಸುವ ಕೆಲಸ ಅವರಿಗೆ ಹೊಸದಲ್ಲ. ಹೆಂಡತಿಯನ್ನೂ ಕೇಳಿದ್ದೇನೆ. ಹೇಳಿದಳು: “ಹಾಕ್ಸಿ. ನಗೋರು ನಗ್ಲಿ. ಆ ಡಾಕ್ಟ್ರು ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಾಗೆಲ್ಲ ಮುಂದೆ ನಿಮ್ಮ ಮುಖ ಇರ್ಬೇಕು.”

ಇಂತಿ,
ತಮ್ಮ ಕಡತದಲ್ಲಿ ಮುಖವಿಲ್ಲದವನು, ರೋಗಿಯೂ ಅಲ್ಲದವನು,
ನಾಳೆ ಬೆಳಿಗ್ಗೆ ತಮ್ಮ ಕಚೇರಿಯ ಮುಂದಿನಿಂದಲೇ ಹೊರಡುವ ಮೊದಲ ಬಸ್ಸಿನ ಚಾಲಕ