ಮಾಳಿಗೆಯ ಮೇಲೆ ಸಿಕ್ಕ ರೈಲುದಾರಿ

ನನ್ನ ಹಠಮಾರಿ ಅತ್ತೀ,

ನೀವು ಬಾಗಿಲ ಕಟ್ಟೆಯ ಮೇಲೆ ಸಜ್ಜೆ ಕೇರುತ್ತ ಕೂತು ಮೊದಲ ಸಲ ಆ ಮಾತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮುದ್ದೇಬಿಹಾಳದಿಂದ ಬಸ್ಸು ಹತ್ತಿ, ಆಮೇಲೆ ಎತ್ತಿನ ಚಕ್ಕಡಿ ಹತ್ತಿ, ಮೈಯೆಲ್ಲ ಧೂಳು ಮಾಡಿಕೊಂಡು ನಾನು ಈ ಮನೆಗೆ ಸೊಸೆಯಾಗಿ ಬಂದು ವಾರವೂ ಆಗಿರಲಿಲ್ಲ. "ನೀ ಚಕ್ಕಡ್ಯಾಗ ಬಂದಾಕಿ. ನಾ ರೈಲಿನಾಗ ಬಂದಾಕಿ. ನೆನಪಿರ್ಲಿ" ಅಂದಿರಿ. ಹೊಸ ಸೊಸೆಯ ಬಾಯಿ ಮುಚ್ಚಿಸಲು ಅಷ್ಟು ಸಾಲದೆ?

ಆ ಕಥೆಯನ್ನು ನೀವು ಹೇಳುವಾಗ ಕೇರುವ ಮೊರ ತಾನಾಗಿ ನಿಲ್ಲುತ್ತಿತ್ತು. ಅರಳೆ ಹೇರಲೆಂದು ಇಂಡಿ ಊರ ಕಡೆ ದೊಡ್ಡ ಲೈನಿನಿಂದ ಕವಲು ತೆಗೆದು ಹಾಕಿದ ಸಣ್ಣ ಲೈನು. ಸಿಂದಗಿಯ ತನಕ ಒಯ್ಯುತ್ತೇವೆಂದು ಹೊರಟವರು ನಮ್ಮೂರ ಸೀಮೆಯಲ್ಲೇ ಕೈಬಿಟ್ಟರು. ಅದರ ಕೊನೆಯ ಡಬ್ಬಿಯಲ್ಲಿ ನಿಮ್ಮ ದಿಬ್ಬಣ. ಹೊಸ ಮದುಮಗಳು ಸೀಮೆ ದಾಟಬೇಕಾದರೆ ಗಾಡಿಯ ಗಾಲಿಗೆ ಕಾಯಿ ಒಡೆಯಬೇಕು, ನಿಂಬೆಹಣ್ಣು ಇಡಬೇಕು. ನಿಮ್ಮ ಮಾವ ಎಂಜಿನ್ನಿಗೂ ಅದನ್ನು ಬಿಡಲಿಲ್ಲ. "ಡ್ರೈವರ್ ನಕ್ಕೋತ ಗಾಡಿ ಬಿಟ್ಟ. ನಿಂಬಿಹಣ್ಣು ಅಪ್ಪಚ್ಚಿ ಆತು. ನಾ ಕಣ್ಣಾರೆ ನೋಡೇನಿ" ಅನ್ನುತ್ತಿದ್ದಿರಿ. ಮುಂದೆ ಮೊದಲ ಮಹಾಯುದ್ಧ ಬಂತು, ಹಳಿಗಳನ್ನೆಲ್ಲ ಕಿತ್ತುಕೊಂಡು ಹೋದರು. ನಿಮ್ಮ ಓರಗೆಯವರೂ ಒಬ್ಬೊಬ್ಬರಾಗಿ ಹೋದರು. ಸಾಕ್ಷಿ ಹೇಳಲು ಯಾರು ಉಳಿದರು?

ನಿಮ್ಮ ಮೈದುನ ಗುರಪ್ಪ ಕಾಕಾ ಅಂಗಳಕ್ಕೆ ಬಂದನೆಂದರೆ ನಿಮ್ಮ ಮೂಗಿನ ತುದಿ ಕೆಂಪಾಗುತ್ತಿತ್ತು. ನೀವೇ ತೂಗಿ ಬೆಳೆಸಿದವನು. "ಲೈನ್ ಇತ್ತು ವೈನಿ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಅರಳಿ ಮಿಲ್ಲಿನ ತನಕಾ ಅಷ್ಟ. ಅಲ್ಲಿಂದ ನೀನೂ ಎಲ್ಲಾರಂಗ ಚಕ್ಕಡ್ಯಾಗ ಬಂದಿ" ಅನ್ನುತ್ತಿದ್ದ. ಕೂತವರೆಲ್ಲ ಮುಸಿಮುಸಿ ನಗುತ್ತಿದ್ದರು. "ನೀ ತೊಟ್ಟಿಲದಾಗಿದ್ದಿ. ನಿನಗೇನ ಗೊತ್ತು?" ಅಂತ ನೀವು ಮೊರ ಕುಕ್ಕುತ್ತಿದ್ದಿರಿ. ಎಪ್ಪತ್ತೆರಡರ ಬರ ಮುಗಿದ ಮೇಲೆ ಹಾಸಿಗೆ ಹಿಡಿದಿರಲ್ಲ, ಆಗಲೂ ನನ್ನ ಕೈ ಹಿಡಿದು, "ನಾ ಸುಳ್ಳಾಡಿಲ್ಲ ನನ್ನವ್ವಾ..." ಅಂದಿರಿ. ಉಪ್ಪಿನ ಹರಳನ್ನೂ ಲೆಕ್ಕ ತಪ್ಪಿ ಹಾಕದ ನೀವು ಇಷ್ಟು ದೊಡ್ಡ ರೈಲನ್ನು ಸುಳ್ಳು ಹುಟ್ಟಿಸುತ್ತೀರಾ? ನಾನು ನಂಬಿದ್ದೆ. ಆದರೆ ನಾನೊಬ್ಬಳು ನಂಬಿದರೆ ನಿಮಗೆ ಸಾಲುತ್ತಿರಲಿಲ್ಲ.

ನೀವು ತೀರಿಕೊಂಡ ಮರುವರ್ಷ ಬೇಸಿಗೆಯಲ್ಲಿ ಮೌಲಾಸಾಬನ ಚಕ್ಕಡಿ ಕಟ್ಟಿಸಿಕೊಂಡು ಇಂಡಿ ಊರ ಕಡೆಯಿಂದ ಲೈನು ಹುಡುಕುತ್ತ ಹೊರಟೆ. ಊರ ಮನೆಗಳ ಮಾಳಿಗೆಯ ಚಾವಣಿಗೆ ಮಣ್ಣು ಹೇರುವ ಅವನಿಗೆ ಹೊಲಗಳ ದಾರಿಯೆಲ್ಲ ಗೊತ್ತು. ಒಂದು ಹಳ್ಳದ ಮೇಲೆ ಕಲ್ಲಿನ ಕಮಾನು ಸಿಕ್ಕಿತು, ಅದರ ನೆರಳಲ್ಲಿ ಆಡುಗಳು ಮಲಗಿದ್ದವು. ಇದು ಯಾವ ದಾರಿಯ ಸೇತುವೆ ಅಂತ ಆಡು ಕಾಯುವವನನ್ನು ಕೇಳಿದೆ. "ದಾರಿ ಇಲ್ರಿ, ಸೇತುವೆ ಅಷ್ಟ ಐತಿ" ಅಂದ. ಮುಂದೆ ಪಾಳುಬಿದ್ದ ಅರಳೆ ಮಿಲ್ಲಿನ ತನಕ ಹಳಿಗೆಂದು ಎತ್ತರಿಸಿದ ಮಣ್ಣಿನ ಒಡ್ಡು ನೆಟ್ಟಗೆ ಬಂತು. ಅಲ್ಲಿಗೆ ಮುಗಿಯಿತು. ಆಚೆಗೆ ಬರೀ ಕರಿ ಎರೆಹೊಲ, ಅಂಗೈಯಷ್ಟು ಸಪಾಟು. ಕಾಕಾನ ಮಾತೇ ಗೆದ್ದಿತೆ ಅಂತ ಎದೆ ಭಾರವಾಯಿತು ಅತ್ತೀ.

ಈ ಸಲ ಮುಂಗಾರಿನ ಮಿರಗದ ಮಳೆಗೆ ಮುಂಚೆ, ಸೋರದಿರಲೆಂದು ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತಿದ್ದೆ. ನಿಮ್ಮ ಹಾಗೆಯೇ ಮೇಲೆ ಹತ್ತಿ ನಿಂತು, ಹೆಂಟೆ ಒಡೆಸುತ್ತ, ಬೈಯುತ್ತ. ಬಿಳಿ ಮಣ್ಣಿನಲ್ಲಿ ಕಾಲಿಗೆ ಏನೋ ಚುಚ್ಚಿತು. ಕರಿ ಚೂರು, ಹಗುರ, ಮೈತುಂಬ ತೂತು. ಬಾಗೇವಾಡಿ ಸ್ಟೇಷನ್ನಿನಲ್ಲಿ ಎಂಜಿನ್ನಿನವರು ಬೂದಿ ಸುರಿಯುವಲ್ಲಿ ಇಂಥದ್ದೇ ರಾಶಿ ಬಿದ್ದಿರುತ್ತದೆ, ಸುಟ್ಟ ಕಲ್ಲಿದ್ದಲಿನ ಕಿಟ್ಟ. ಹತ್ತಿಕಟ್ಟಿಗೆ, ಕುಳ್ಳು ಸುಡುವ ನಮ್ಮೂರಿಗೆ ಇದೆಲ್ಲಿಂದ ಬಂತು?

"ಈ ಮಣ್ಣು ಎಲ್ಲೀದು ಮೌಲಾಸಾಬ?"

"ಬಿಳಿದಿಬ್ಬದ್ದ್ರಿ ಅವ್ವಾರ. ನಮ್ಮಪ್ಪನ ಕಾಲದಿಂದ ಊರ ಮಂದಿ ಎಲ್ಲಾ ಅಲ್ಲಿಂದನ ತರೋದು. ಎರಿಮಣ್ಣು ಹಾಕಿದ್ರ ಬಿರುಕು ಬಿಟ್ಟು ಸೋರತೈತಲ್ರಿ. ಆ ದಿಬ್ಬ ಮೊದಲಿಗೆ ಮಿಲ್ಲಿನ ತನಕಾ ಉದ್ದಕ ಇತ್ತಂತ. ತಗದು ತಗದು ಈಗ ಸೀಮಿ ಹತ್ರ ಒಂದ ತುಣುಕು ಉಳದೈತಿ."

ಸೀಮೆಯ ಆ ದಿಬ್ಬವನ್ನು ಎಷ್ಟೋ ಸಲ ನೋಡಿಯೂ ಬರೀ ಮಣ್ಣು ಅಗೆಯುವ ಜಾಗ ಅಂದುಕೊಂಡಿದ್ದೆ. ಕರಿನೆಲದ ನಡುವೆ ಅಷ್ಟುದ್ದ ಬಿಳಿ ಮಣ್ಣು ತಾನಾಗಿ ಹುಟ್ಟುತ್ತದೆಯೆ? ಹಳಿಯ ಕೆಳಗೆ ಹಾಕಲು ಎಲ್ಲಿಂದಲೋ ಹೇರಿ ತಂದದ್ದು. ಹಳಿಯನ್ನು ಸರ್ಕಾರ ಒಯ್ದಿತು, ಒಡ್ಡನ್ನು ನಾವೇ ಪ್ರತಿ ಮಿರಗಕ್ಕೆ ಬುಟ್ಟಿಬುಟ್ಟಿಯಾಗಿ ಮಾಳಿಗೆಗೆ ಹೊತ್ತು, ಅದರ ಕೆಳಗೆ ಮಲಗಿ ನಿಮ್ಮನ್ನು ನೋಡಿ ನಕ್ಕೆವಲ್ಲ...

ಗುರಪ್ಪ ಕಾಕಾನನ್ನು ಅವನ ಮಾಳಿಗೆಗೇ ಹತ್ತಿಸಿದೆ. ಊರಿನಲ್ಲೇ ದಪ್ಪ ಮಾಳಿಗೆ ಅವನದೇ ತಾನೆ? ಅಲ್ಲೇ ಕೆದರಿ ಒಂದು ಕಿಟ್ಟ ತೆಗೆದು ಅವನ ಅಂಗೈಗಿಟ್ಟೆ. "ಕಾಕಾ, ನಿಮ್ಮ ಮನ್ಯಾಗ ಕಲ್ಲಿದ್ದಲು ಯಾವಾಗ ಸುಟ್ಟಿದ್ರಿ?" ಅಂದೆ. ಆಮೇಲೆ ಕೈ ಮಾಡಿ ತೋರಿಸಿದೆ. ಮಿಲ್ಲಿನ ಚಿಮಣಿ, ಉಳಿದ ದಿಬ್ಬ, ಸೀಮೆಕಲ್ಲು, ದಾರ ಹಿಡಿದ ಹಾಗೆ ಒಂದೇ ಸಾಲು. ಅವನು ಬಹಳ ಹೊತ್ತು ನೋಡಿದ. "ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದಂಗಾತು" ಅಂದ. ಆಮೇಲೆ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ನನಗೆ ಆ ಹೊತ್ತು ಎಷ್ಟು ಹೆಮ್ಮೆಯಾಯಿತೆಂದರೆ, ನಾನೇ ಆ ರೈಲಿನಲ್ಲಿ ಬಂದು ಇಳಿದಷ್ಟು.

ಮೊನ್ನೆ ಕಾಕಾನ ಮೊಮ್ಮಗನ ಮದುವೆಯಾಯಿತು. ಸಿಂದಗಿಯ ಹುಡುಗಿ, ಟ್ರ್ಯಾಕ್ಟರಿನಲ್ಲಿ ದಿಬ್ಬಣ ಬಂತು. ಸೀಮೆಕಲ್ಲಿನ ಹತ್ತಿರ ಕಾಯಿ ಒಡೆಯಲು ಕೈ ಎತ್ತಿದವನನ್ನು ಕಾಕಾ ತಡೆದ. "ಇಲ್ಲಿ ಬ್ಯಾಡ, ದಿಬ್ಬದ ಮ್ಯಾಲೆ ಒಡೀರಿ. ನಮ್ಮ ವೈನಿ ರೈಲ್ ಇಳಿದ ಜಾಗಾ ಅದು. ಇನ್ನ ಮ್ಯಾಲೆ ಅಲ್ಲಿ ಯಾರೂ ಸಲಿಕಿ ಹಚ್ಚಬ್ಯಾಡ್ರಿ" ಅಂದ. ಯಾರೂ ನಗಲಿಲ್ಲ ಅತ್ತೀ. ಹೊಸ ಹುಡುಗಿ ಸೆರಗು ಸರಿಸಿ ಮೆಲ್ಲಗೆ ಕೇಳಿದಳು, "ಖರೇನ ಇಲ್ಲೀತನಕ ರೈಲ್ ಬಂದಿತ್ತೇನ್ರಿ ಮುತ್ತ್ಯಾ?"

ಕಾಕಾ ಹೇಳಿದ, "ನನ್ನ ಏನ್ ಕೇಳ್ತಿ ತಂಗಿ? ನಾ ತೊಟ್ಟಿಲದಾಗಿದ್ದೆ. ನಮ್ಮ ವೈನಿ ಕಣ್ಣಾರೆ ನೋಡ್ಯಾಳ."

ನಿಮ್ಮ ಚಕ್ಕಡಿ ಸೊಸೆ